ಅಸ್ತರು

ಬೌರಿಂಗ್ ಆಸ್ಪತ್ರೆಯ ಎಕ್ಸ್-ರೇ ಹಾಳೆಯನ್ನು
ಟ್ಯೂಬ್‌ಲೈಟಿಗೆ ಹಿಡಿದು ಡಾಕ್ಟರು ಅಂದರು:
ಮೂಳೆ ಸರಿಯಾಗೇ ಇದೆಯಲ್ಲ.
ಸರಿ. ಹಾಗಾದರೆ ಈ ಬಲಗೈ
ಕಿವಿಯ ಮಟ್ಟಕ್ಕೆ ಬಂದು ನಿಲ್ಲುವುದೇಕೆ,
ಗೇಟೇ ಇಲ್ಲದ ಕಡೆ ದನ ನಿಂತ ಹಾಗೆ?

ಮೂವತ್ತೆಂಟು ವರ್ಷ ರವಿಕೆ ಹೊಲಿದವನು,
ನಗರತ್‌ಪೇಟೆ, ಎರಡನೇ ಮಹಡಿ, ಮರದ ಏಣಿ.
ಬೆಳಕಿಗೆ ಹಿಡಿದರೂ ಕಾಣದ್ದು ಇರುತ್ತದೆಂದು ಬಲ್ಲೆ.
ಅಸ್ತರನ್ನು ಯಾರು ನೋಡುತ್ತಾರೆ?

ಕೋಲ್ಸ್ ಪಾರ್ಕು, ಬೆಳಗಿನ ಆರು.
ಲಿಯಾವ್ ಟೀಚರಿಗೆ ಎಪ್ಪತ್ತೊಂದು. ಬ್ರಿಗೇಡ್ ರಸ್ತೆಯಲ್ಲಿ
ಒಂದು ಕಾಲಕ್ಕೆ ಪಾರ್ಲರ್ ಇಟ್ಟಿದ್ದವರು,
ಚೀನಾ ನೋಡಿಲ್ಲ, ಕನ್ನಡ ಮಾತ್ರ ನಮ್ಮ ಪೇಟೆಯದೇ.
ಚೀಗಾಂಗ್ ಅಂದರೆ ಏನು ಎಂದೆ.
ನಿಲ್ಲೋದು, ಎಂದರು.
ನಿಂತೆ. ಹನ್ನೊಂದು ದಿನ ಬರೀ ನಿಂತೆ.
ಹನ್ನೆರಡನೇ ದಿನ ಬೆಂಚಿನ ಮೇಲೆ ಕೂರಿಸಿ
ಅಂಗಾಲಿನ ಗುಳಿಗೆ ಹೆಬ್ಬೆರಳು ಒತ್ತಿ ಕೇಳಿದರು:
ಎಲ್ಲಿ ಮಿಸುಕಿತು?
ಸುಳ್ಳು ಯಾಕೆ, ಕಿವಿಯ ಹಿಂದೆ.
"ಒಂದೇ ಬಟ್ಟೆ ಮಾಸ್ಟ್ರೇ, ನೆತ್ತಿಯಿಂದ ಕಾಲಿನ ತನಕ.
ಇದಕ್ಕೆ ಕತ್ತರಿ ಹಾಕಿದವರಿಲ್ಲ."

ಭಾನುವಾರ ಮಟನ್ ತೊಳೆಯುವಾಗ
ಬೆರಳಿಗೆ ಸಿಗುತ್ತದಲ್ಲ, ತೆಳ್ಳಗೆ, ಬೆಳ್ಳಗೆ, ಜಾರುತ್ತ,
ಚರ್ಮವೂ ಅಲ್ಲ ಮಾಂಸವೂ ಅಲ್ಲ,
ಹೆಂಡತಿ ಕಿತ್ತು ಬೆಕ್ಕಿಗೆ ಎಸೆಯುವುದು.
ಅದೇ. ಪೊರೆ.
ಕಣ್ಣಿಗೆ ಬಂದರೆ ಆಪರೇಷನ್ ಮಾಡಿಸುತ್ತೇವೆ.
ಹಾವು ಬಿಟ್ಟು ಹೋದರೆ ಹೆದರುತ್ತೇವೆ.
ವಿಠ್ಠಲನ ಗುಡಿಯಲ್ಲಿ ಕೈ ಜೋಡಿಸಿ
ಅದೇ ಎರಡಕ್ಷರವನ್ನೇ ಬೇಡುತ್ತೇವೆ: ಪೊರೆ.
ಒಂದೇ ಮಾತೆಂದು ಇಷ್ಟು ದಿನ ಹೊಳೆದಿರಲಿಲ್ಲ.

ಮೂರನೇ ತಿಂಗಳ ಪಾಠ: ರೇಷ್ಮೆ ಬಿಚ್ಚುವುದು.
"ಗೂಡಿಂದ ಎಳೆ ತೆಗೆದ ಹಾಗೆ ಕೈ ಸುತ್ತಿ.
ಜೋರಾದರೆ ಹರಿಯುತ್ತೆ, ನಿಂತರೆ ಸಿಕ್ಕು."
ಹಿಂದಿನ ಸಾಲಿನಲ್ಲಿ ಮುನೀರಾ ಬೇಗಂ ನಕ್ಕುಬಿಟ್ಟರು.
ಶಿಡ್ಲಘಟ್ಟದವರು. ಒಂಬತ್ತನೇ ವಯಸ್ಸಿಗೆ
ಕುದಿವ ಬಾಂಡಲೆಗೆ ಬೆರಳು ಅದ್ದಿದವರು.
"ಇದಾ? ಇದಕ್ಕೆ ಫೀಸಾ?
ನಮಗೇ ದಿನಕ್ಕೆ ಮೂರು ರೂಪಾಯಿ ಕೊಡ್ತಿದ್ರು!"

ಟೀಚರ್ ನಗಲಿಲ್ಲ. ಚಪ್ಪಲಿ ಬಿಟ್ಟರು,
ಹಿಂದಿನ ಸಾಲಿಗೆ ಹೋಗಿ ನಿಂತರು. ತೋರಿಸಿ, ಎಂದರು.

ದುಪಟ್ಟಾ ಸೊಂಟಕ್ಕೆ ಬಿಗಿದು
ಮುನೀರಾ ಬೇಗಂ ಗಾಳಿಯಲ್ಲಿ ತುದಿ ಹುಡುಕಿದರು,
ಉಗುರಿನ ಬದಿ ಸುಟ್ಟು ಗಟ್ಟಿಯಾದ ಎರಡು ಬೆರಳಿಂದ.
ಎಳೆಯಲಿಲ್ಲ, ಬರಗೊಟ್ಟರು.
ಬೆರಳು ತಿರುಗಿದ್ದಕ್ಕೆ ಮಣಿಕಟ್ಟು,
ಮಣಿಕಟ್ಟಿಗೆ ಮೊಣಕೈ, ರೆಕ್ಕೆಮೂಳೆ, ನಡು,
ಬಲಗೈಯ ಮಾತು ಎಡ ಹಿಮ್ಮಡಿಗೆ ಮುಟ್ಟಿದ್ದು
ಹದಿನಾಲ್ಕು ಜನರಿಗೂ ಕಂಡಿತು.
ಟೀಚರ್ ಎದುರು ಬಂದು ಅವರ ಭುಜ ತಳ್ಳಿದರು.
ಹಗ್ಗಕ್ಕೆ ಹಾಕಿದ ಒದ್ದೆ ಸೀರೆಯನ್ನು ತಳ್ಳಿದ ಹಾಗೆ:
ಕೈ ಹೋಯಿತು, ಸೀರೆ ಹೋಗಲಿಲ್ಲ.
ಹೆಜ್ಜೆ ಹಿಂದಿಟ್ಟವರು ಟೀಚರೇ.

ಆ ತಿಂಗಳಿಂದ ಮುನೀರಾ ಬೇಗಂಗೆ ಫೀಸಿಲ್ಲ.
ಮಂಡಿನೋವು ಇದೆ, ಅದು ಬೇರೆ.

ಅಂಗಡಿಗೆ ಬರುತ್ತಾರೆ ಈಗಲೂ,
ಅಸ್ತರು ಬೇಡ ಬಿಡಿ, ರೇಟು ಕಮ್ಮಿ ಮಾಡಿ ಎನ್ನುವವರು.
ಅಸ್ತರು ಹಾಕಿದರೂ ಅವಸರದವರು ನೆನೆಸುವುದಿಲ್ಲ,
ಮೊದಲ ಒಗೆತಕ್ಕೇ ಅದು ಒಳಗೊಳಗೆ ಕುಗ್ಗಿ
ಮೇಲಿನ ರೇಷ್ಮೆಯ ಮುಖ ಕೆಡಿಸುತ್ತದೆ.
ದೋಷ ರೇಷ್ಮೆಯ ತಲೆಗೆ.
ನಾನು ರಾತ್ರಿಯೇ ಬಕೆಟ್ಟಿಗೆ ಹಾಕಿಡುತ್ತೇನೆ, ನೆನೆಯಲಿ.
ಬೆಳಗ್ಗೆ ಹಿಂಡದೆ ಒಣಹಾಕಿ ಪಾರ್ಕಿಗೆ ಹೊರಡುತ್ತೇನೆ,
ಹಾಗೇ ಈ ಭುಜವನ್ನೂ, ಹಿಂಡದೆ.

ಕೈ ಮೂರನೇ ಹಲಗೆಗೆ ಏರುತ್ತದೆ ಈಗ.
ಗುಂಡಿಯ ಡಬ್ಬ ಇರುವುದು
ನಾಲ್ಕನೆಯದರ ಮೇಲೆ.