ಪೂರ್ಣಾಂಕ

ಸೂರ್ ಪಟ್ಟಣದಲ್ಲಿ, ಹಿನ್ನೀರಿನ ಅಂಚಿಗೆ, ನಮ್ಮ ಶಾಲೆ.
ಹುಡುಗರು ಮೂವತ್ತೊಂದು, ಮಂಚ ಮೂವತ್ತೆರಡು.
ಮಿಕ್ಕ ಮಂಚದ ಮೇಲೆ ಇಸ್ತ್ರಿಗೆ ಕಾದ ಅಂಗಿಗಳ ಗುಡ್ಡೆ.
ಹಗಲು ನಾನು ಲೆಕ್ಕದ ಮೇಷ್ಟ್ರು,
ರಾತ್ರಿ ವಾರ್ಡನ್ನು,
ನಡುವೆ ಗುಂಡಿ ಹೊಲಿಯುವವನು, ಉಗುರು ನೋಡುವವನು.

ಇವತ್ತು ಅಂಕಪಟ್ಟಿ ತುಂಬುವ ರಾತ್ರಿ.
ಗಣಿತಕ್ಕೊಂದು ಕಾಲಂ, ವಿಜ್ಞಾನಕ್ಕೊಂದು,
ಅರಬ್ಬಿಗೆ, ಇಂಗ್ಲಿಷಿಗೆ, ಹಾಜರಿಗೆ,
ಕೊನೆಗೆ 'ಇತರೆ' ಅಂತ.
ಅದರ ಅಗಲ ನನ್ನ ಕಿರುಬೆರಳಿನಷ್ಟು.
ಹುಡುಗನಲ್ಲಿ ಉಳಿದದ್ದೆಲ್ಲ ಅದರೊಳಗೆ ಹಿಡಿಸಬೇಕು.

ಜೋಬಿನ್. ಅಪ್ಪ ಮರ್ಮೂಲಿನ ಎಣ್ಣೆಬಾವಿಯಲ್ಲಿ.
ನೂರಕ್ಕೆ ತೊಂಬತ್ತೆಂಟು.
ಬಂದ ಹೊಸತರಲ್ಲಿ ಬೇಯಿಸಿದ ಮೊಟ್ಟೆ ಸುಲಿಯಲು ಬಾರದೆ
ತಟ್ಟೆಯೆದುರು ಕೂತೇ ಇರುತ್ತಿದ್ದ.
ಅಡುಗೆಯ ಮೊಫಿಜ್ ಸುಲಿದು ಕೊಡಲಿಲ್ಲ.
ದಿನಾ ಪಕ್ಕದಲ್ಲಿ ಕೂತು ತನ್ನದೊಂದನ್ನು
ಹೊತ್ತೇ ಇಲ್ಲದವನಂತೆ ಸುಲಿದ, ಅಷ್ಟೆ.
ಹದಿನಾರನೆಯ ದಿನ ಹುಡುಗನ ಅಂಗೈಯಲ್ಲಿ
ಒಂದು ಗಾಯವಿಲ್ಲದೆ, ಬೆಳ್ಳಗೆ, ಇಡಿಯಾಗಿ, ಮೊಟ್ಟೆ.
ಊಟದ ಮನೆ ತುಂಬ ಚಪ್ಪಾಳೆ.
ಸಿಬ್ಬಂದಿ ಪಟ್ಟಿಯಲ್ಲಿ ಮೊಫಿಜನ ಹೆಸರಿನ ಮುಂದೆ
ಈಗಲೂ ಇದೆ: ಬೋಧಕೇತರ.

ಪೂರ್ಣಾಂಕ ಅನ್ನುತ್ತಿದ್ದರು ನಮ್ಮ ಕಡೆ,
ಒಡೆಯದ ಸಂಖ್ಯೆಗೂ ಅದೇ, ಪೂರಾ ಮಾರ್ಕಿಗೂ ಅದೇ.
ಎರಡೂ ಒಂದೇ ಎಂದು ನಂಬಿ
ಇಪ್ಪತ್ತೊಂದು ವರ್ಷ ಪಾಠ ಮಾಡಿದೆ.

ಖಲ್ಫಾನ್. ಮಸೀರಾ ದ್ವೀಪದವನು.
ಗಣಿತ: ಹತ್ತೊಂಬತ್ತು.
ಕೆಂಪು ಶಾಯಿ ಒತ್ತಿ ಬರೆದೆ, ಅಡಿಗೆರೆ ಎಳೆದೆ.
'ಭಿನ್ನರಾಶಿ ಅಂದರೆ ಮೀನು ಹಂಚುವುದು ತಾನೆ ಸಾರ್?'
ಹೌದು ಅಂದಿದ್ದೆ.
'ಮತ್ತೆ ಛೇದ ಯಾಕೆ ಕೆಳಗೆ?
ದೋಣಿಯಲ್ಲಿ ಪಾಲುಗಾರರು ಮೇಲೆ ಕೂತಿರುತ್ತಾರೆ,
ಮೀನಲ್ಲವೇ ತಳದಲ್ಲಿ?'
ನನ್ನ ಪುಸ್ತಕದ ಹಿಂದಿನ ಉತ್ತರಗಳಲ್ಲಿ
ಇದಕ್ಕೆ ಉತ್ತರ ಇರಲಿಲ್ಲ.

ಜೂನಿನಲ್ಲಿ ಕರೆಂಟು ಹೋದ ರಾತ್ರಿ
ಏಸಿಗಳು ಒಂದೊಂದಾಗಿ ನಿಟ್ಟುಸಿರು ಬಿಟ್ಟು ಸುಮ್ಮನಾದವು.
ನಾನು ಟಾರ್ಚಿಗೆ ಸೆಲ್ಲು ಹುಡುಕುತ್ತಿದ್ದೆ.
ಅವನು ಮೂವತ್ತು ಜನರ ಹೊದಿಕೆ ತೋಯಿಸಿ ಹಿಂಡಿ,
ಕತ್ತಲಲ್ಲೇ ಮೆಟ್ಟಿಲು ಎಣಿಸಿ ಹತ್ತಿಸಿ,
ತಾರಸಿಯ ಮೇಲೆ ಗಾಳಿ ಬರುವ ದಿಕ್ಕಿಗೆ
ಸಾಲಾಗಿ ಮಲಗಿಸಿದ್ದ,
ಅಂಚಿಗೆ ದೊಡ್ಡವರು, ನಡುವೆ ಸಣ್ಣವರು.
ನನ್ನ ಚಾಪೆಯನ್ನೂ ಹಾಸಿ
ತಲೆ ಯಾವ ಕಡೆ ಎಂದು ಬೆರಳು ತೋರಿದ.

ಇನ್ನೊಂದು ಮಾತು. ಇದು ಯಾವ ಕಾಲಮ್ಮಿಗೋ ತಿಳಿಯೆ.
ಗಂಗೊಳ್ಳಿಯವ ನಾನು, ಕಡಲಿನ ಸದ್ದಲ್ಲೇ ಹುಟ್ಟಿದವನು,
ಈಜು ಬಾರದೆಂಬುದನ್ನು ನಲವತ್ತಾರು ವರ್ಷ ಬಚ್ಚಿಟ್ಟವನು.
ಶುಕ್ರವಾರ ಮಕ್ಕಳೆಲ್ಲ ನೀರಲ್ಲಿ, ನಾನು ದಡದಲ್ಲಿ
ಚಪ್ಪಲಿ ಕಾಯುತ್ತ ನಿಂತದ್ದು
ಒಬ್ಬನ ಕಣ್ಣಿಗೆ ಬಿತ್ತು.
ಅವನು ಯಾರಿಗೂ ಹೇಳಲಿಲ್ಲ.
ಮರುವಾರ ಎಲ್ಲರೂ ಸ್ನಾನಕ್ಕೆ ಹೋದ ಮೇಲೆ
ಕೈ ಹಿಡಿದು ಇಳಿಸಿದ.
'ಹೊಟ್ಟೆ ಬಿಗಿ ಹಿಡೀಬೇಡಿ ಸಾರ್.'
ಬೆನ್ನಡಿಗೆ ಒರಟಾದ ಪುಟ್ಟ ಅಂಗೈ ಇತ್ತು.
ಯಾವಾಗ ತೆಗೆದನೋ, ಗೊತ್ತಾಗಲಿಲ್ಲ.

ಸುಡಾನಿನ ಹೆಡ್ಮಾಸ್ಟರು ಚಹಾ ಹಿಡಿದು ಬಂದರು:
'ಒಂದು ಪದ ಸಾಕಯ್ಯ. ಅಪ್ಪಂದಿರು ಮೊದಲು ನೋಡುವುದು ಅಂಕವನ್ನೇ.'
ಆಮೇಲೆ? ಅಂದೆ.
'ಆಮೇಲೆ ಹುಡುಗನನ್ನು. ಎತ್ತರವಾಗಿದ್ದಾನೆಯೇ ಅಂತ.'

'ಇತರೆ'ಯಲ್ಲಿ 'ಹಿಂಬದಿ ನೋಡಿ' ಎಂದಷ್ಟೇ ಬರೆದು
ಹಾಳೆ ತಿರುವಿದೆ.
ಕೆಂಪು ಹತ್ತೊಂಬತ್ತು ಇಲ್ಲಿಗೂ ಇಳಿದಿದೆ,
ತಿರುಗುಮುರುಗಾಗಿ.
ಅವನಪ್ಪನಿಗೆ ಬರುವುದು ಅರಬ್ಬಿ. ನನಗೆ ಬರುವುದು
ಅಂಗಡಿಯಲ್ಲಿ ಕಲಿತಷ್ಟು.
ಆದರೂ ಬಲತುದಿಯಿಂದ ಶುರು ಮಾಡಿದೆ:
ನಿಮ್ಮ ಮಗ ನನಗೆ ಕಲಿಸಿದ್ದಾನೆ...
ತೇಲುವುದಕ್ಕೆ ಏನನ್ನುತ್ತಾರೆ?
ಬೆಳಿಗ್ಗೆ ಅವನನ್ನೇ ಕೇಳಬೇಕು.
ಆ ಪದಕ್ಕೆ ಜಾಗ ಬಿಟ್ಟಿದ್ದೇನೆ.