ಹದಿನಾಲ್ಕು ಆಟ, ಒಂದು ಯಾಲಕ್ಕಿ ಮಾಲಿ

ನಾನು ಆಡಾಂವ ಅಲ್ಲ, ಗಾಡಿ ಹೊಡ್ಯಾಂವ.
ಬೆಟಗೇರಿ ಹಾಕಿ ತಂಡದ ಹದಿನಾರು ಮಂದಿ,
ಸ್ಟಿಕ್ಕಿನ ಚೀಲ, ಗೋಲಿಯ ದಪ್ಪನ್ನ ಪ್ಯಾಡು,
ಒಂದು ಐಸಿನ ಡಬ್ಬಿ. ಅದರಾಗ ಐಸ್ ಇದ್ದದ್ದು ಎರಡ ಸಲ.
ಆಟ ಎಷ್ಟು ತಿಳಿತೈತಿ ಅಂತ ಕೇಳಬ್ಯಾಡ್ರಿ.
ಹೋಗೂವಾಗಿನ ಸಪ್ಪಳಾ, ಬರೂವಾಗಿನ ಸಪ್ಪಳಾ
ತೂಗಿ ನೋಡಿದ್ರ ಸಾಕು, ಅಂಕಿ ತಾನ ಗೊತ್ತಾಕ್ಕೈತಿ.

ಈ ವರ್ಷದ್ದು ಪಗಾರಿನ ಲೀಗು.
ಮೆಣಸಿನಕಾಯಿ ವ್ಯಾಪಾರದ ಕೊತಬಾಳ ಸಾವಕಾರ್ರು
ಕೆಂಪ ಅಂಗಿ ಮ್ಯಾಲ ತಮ್ಮ ಅಂಗಡಿ ಹೆಸರ ಬರಿಸಿ
ಆಟಕ್ಕ ತಲಿಗೆ ಒಂದೂವರಿ ಸಾವಿರ ಅಂದ್ರು.
ಮೊದಲನೇ ಒಗಿಯಾಣಕ್ಕ ಬಣ್ಣ ಬಿಡ್ತು,
ಒಳಗಿನ ಬನೇನು ಸುದ್ದಾ ಗುಲಾಬಿ ಆದುವು.
ಹುಬ್ಬಳ್ಳ್ಯಾಗ ಎದುರಿನವ್ರು ನಕ್ಕರು. ಆರು, ಒಂದು.
ಧಾರವಾಡದಾಗ ಯಾರೂ ನಗಲಿಲ್ಲ, ಮರ್ಯಾದಸ್ತರು. ನಾಕು, ಸೊನ್ನಿ.

ಅಣ್ಣಿಗೇರಿ ದಾಟೂತನಾ ಯಾರೂ ಮಾತಾಡಲಿಲ್ಲ.
ಗೋಲಿ ಯೋಗೇಶ ಮೇರವಾಡೆ ಕಿಡಕಿಗೆ ಹಣಿ ಹಚ್ಚಿ ಕುಂತಿದ್ದ.
ಅವರಪ್ಪ ಮಗ್ಗದ ಮುಂದ ಕುಂತು ಅಂದಿದ್ನಂತ:
“ನಮ್ಮನ್ಯಾಗ ಸಾವಿರ ಎಳಿ ಹಿಡಿಯೂ ಕೈ ಅದಾವು,
ನಿನ್ನ ಕೈಗೆ ಒಂದು ಚಂಡು ಸಿಗವಲ್ದೇನಲೇ?”

ಐದನೇ ಆಟ ಹಾವೇರ್ಯಾಗ.
ಒಂದು, ಒಂದು. ಕಡೀ ನಿಮಿಷ. ಪೆನಾಲ್ಟಿ ಕಾರ್ನರ್.
ನಜೀರ್ ನದಾಫ ಸ್ಟಿಕ್ ಎತ್ತಿದ್ದ ನೋಡಿದೆ,
ಚಂಡು ನೋಡಲಿಲ್ಲ, ಹಲಗಿ ಢಬ್ ಅಂದದ್ದ ಕೇಳಿದೆ.
ಅವರೂರ ಪದ್ಧತಿ, ಗೆದ್ದವರ ಕೊಳ್ಳಾಗ ಯಾಲಕ್ಕಿ ಮಾಲಿ.
ಯಾರ ಕೊಳ್ಳಾಗಂತ ಹದಿನಾರು ಮಂದಿ ಜಗಳಾಡಿ
ಕಡೀಕ ನನ್ನ ಕನ್ನಡಿಗೆ ತೂಗಬಿಟ್ಟರು.

ಸವಣೂರಾಗ ಖಾರಾ ಕಟ್ಟಿಸಿಕೊಂಡು
ದೊಡ್ಡ ಹುಣಸಿ ಮರದ ಬುಡಕ ನಿಲ್ಲಿಸಂದ್ರು.
ಕೈ ಕೈ ಹಿಡದು ಮರಾ ತಬ್ಬಿದ್ರು,
ಹತ್ತು ಮಂದಿಗೆ ಮರಾ ಮುಗೀತು.
ಉಳಿದ ಆರು ಮಂದಿ ಏನ ಮಾಡಬೇಕು ತಿಳೀದ
ಒಬ್ಬರನ್ನೊಬ್ಬರು ತಬ್ಬಿ ನಿಂತ್ರು.
ಅವತ್ತು ಗದಗಿನತನಾ ನನಗ ಹಾರ್ನ್ ಕೇಳಿಸಲಿಲ್ಲ.

ಆಮ್ಯಾಲಿಂದು ಹೇಳಾಕ ಮನಸಿಲ್ಲ.
ರಾಣೆಬೆನ್ನೂರು ಎರಡು, ಮೂರು. ಲಕ್ಷ್ಮೇಶ್ವರ ಸೊನ್ನಿ, ಸೊನ್ನಿ,
ಅದನ್ನ ಗೆಲುವು ಅಂತ ತಿಳದು ಮಿರ್ಚಿ ತಿಂದ್ವಿ.
ಒಂಬತ್ತನೇ ಆಟಕ್ಕ ಸಾವಕಾರ್ರ ಫೋನು ಬಂದಾತು,
ಬ್ಯಾಡಗಿ ಪ್ಯಾಟ್ಯಾಗ ರೇಟ್ ಬಿದ್ದೈತಿ ಅಂದ್ರು ಅವರ ಗುಮಾಸ್ತರು.
ನಜೀರನ ಮೊಣಕಾಲು ಬಾತು ಕುಂಬಳಕಾಯಿ ಆತು.
ಒಬ್ಬ ಗ್ಯಾರೇಜಿಗೆ ಹೋದ, ಒಬ್ಬ ತಂಗಿ ಸೀಮಂತಕ್ಕ.
ಗಾಡ್ಯಾಗ ಒಂದೊಂದ ಸೀಟು ಖಾಲಿ ಆದಂಗ
ಯಾಲಕ್ಕಿ ವಾಸನಿ ಹೆಚ್ಚ ಆತು. ಯಾಕೋ ಏನೋ.

ಹದಿನಾಲ್ಕನೇ ಆಟಕ್ಕ ಬಂದವ್ರು ಹತ್ತು.
ಡೇನಿಯಲ್ ಸರ್ ನನ್ನ ಕಡೆ ನೋಡಿದ್ರು.
“ಫಕೀರೇಶಾ, ಎಡಕ್ಕ ನಿಂದ್ರು. ಚಂಡು ಬಂದ್ರ ಸರೀ.”
ಬಣ್ಣ ಬಿಟ್ಟ ಅಂಗಿ, ನನ್ನ ಹೊಟ್ಟಿಮ್ಯಾಲ ಸಾವಕಾರ್ರ ಹೆಸರು
ಎರಡಕ್ಷರ ಹಿಗ್ಗಿತ್ತು.
ಐವತ್ತನೇ ನಿಮಿಷಕ್ಕ ಚಂಡು ನನ್ನ ಕಡೆ ಬಂತು.
ಕ್ಲಚ್ ಒತ್ತಿದಂಗ ಎಡಗಾಲು ತಾನ ಮುಂದ ಹೋತು.
“ಫುಟ್!” ಅಂತ ಸೀಟಿ.
ಅಷ್ಟ ನನ್ನ ಆಟ. ಪುಸ್ತಕದಾಗ ಬರೆಯೂದಿಲ್ಲಂತ ಅದನ್ನ.
ಮೂರು, ಒಂದು. ಸೋತ್ವಿ.

ಮರುದಿನ ಗಾಡಿ ಕಸಾ ಹೊಡದೆ.
ಒಂಟಿ ಕಾಲಚೀಲ, ಅರ್ಧ ಕ್ರೇಪ್ ಬ್ಯಾಂಡೇಜು,
ಸೀಟಿನ ಸಂದ್ಯಾಗ ಉದುರಿದ್ದ ನಾಕು ಯಾಲಕ್ಕಿ.
ಸಿಪ್ಪಿ ಬೆಳ್ಳಗಾಗಿತ್ತು, ಒಳಗಿನ ಕಾಳು ಕರ್ರಗ.
ಬಾಯಾಗ ಒಗಕೊಂಡೆ. ಇನ್ನೂ ಖಾರ ಇದ್ದುವು.

ಡೀಸಲ್ ಬಾಕಿ ಮೂರು ಸಾವಿರದ ಎರಡ ನೂರು.
ಅದನ್ನೂ ಬರಕೊಳ್ರಿ.