ನಾಲ್ಕನೇ ತೊಟ್ಟಿ

ಐದೂಕಾಲಿಗೆ ಒಂದು ಮಾತ್ರೆ, ಬರೀ ಹೊಟ್ಟೆಗೆ.
ಇನ್ನೊಂದು ಗಂಟೆ ಚಾ ಬೇಡ, ಎಂದಿದ್ದಾರೆ ಡಾಕ್ಟರು.
ಸಾಸಿವೆಗಿಂತ ತುಸು ದೊಡ್ಡದು,
ಅಷ್ಟಕ್ಕೇ ಈ ಮೈ ತನ್ನ ಒಲೆ ಹಚ್ಚಿಕೊಳ್ಳುತ್ತದೆ.
ಆಮೇಲೆ ಕುಂಬಳೆ ಪೇಟೆ, ರೈಲು ಹಳಿ, ತೆಂಗಿನ ಸಾಲು.
ಹೊಳೆ ಉಪ್ಪಾಗಲು ಶುರುವಾಗುವಲ್ಲಿ
ತಗಡಿನ ಮಾಡಿನ ಕೆಳಗೆ ಆರು ತೊಟ್ಟಿ.
ಕರಿಮೀನು, ತೊಟ್ಟಿಗೆ ನಲವತ್ತು.
ನೀರು ಬದಲಿಸುವುದು, ತಿಂಡಿ ತೂಗುವುದು,
ಸತ್ತದ್ದನ್ನು ಎಣಿಸಿ ಬರೆಯುವುದು ನನ್ನ ಕೆಲಸ.

ಸಾಹಿರಾ ಮೇಡಂ ಉಪ್ಪಳದವರು,
ಕನ್ನಡ ಶಾಲೆಯಲ್ಲೇ ಕಲಿತವರು. ಹೇಳುತ್ತಾರೆ:
ನಮಗಾದರೆ ಕೊರಳಲ್ಲಿ ಒಂದು ಪಾತರಗಿತ್ತಿ,
ರೆಕ್ಕೆ ಬಿಚ್ಚಿ ಅಲ್ಲೇ ಕೂತಿರುತ್ತದೆ.
ಮೀನಿಗೆ ಹಾಗಲ್ಲ, ಅದರ ಥೈರಾಯ್ಡು ಚೆಲ್ಲಿದ ರವೆ.
ಕಿವಿರಿನಡಿಯ ದೊಡ್ಡ ನೆತ್ತರನಾಳದ ಸುತ್ತ
ಅಲ್ಲೊಂದು ಕಾಳು, ಇಲ್ಲೊಂದು ಕಾಳು.

ಬಂದ್ಯೋಡಿನಲ್ಲಿ ಮೂವತ್ತು ವರ್ಷ ಮೀನು ಕೊಯ್ದವಳು ನನ್ನಮ್ಮ.
ಕಂಡಿರಲಿಕ್ಕಿಲ್ಲ.
ಕಂಡರೂ ನೆತ್ತರೆಂದು ತೊಳೆದಿರಬೇಕು.

ನಂಗಿನ ಮರಿ ಹುಟ್ಟುವಾಗ ಒಂದೊಂದು ಬದಿಗೆ ಒಂದೊಂದು ಕಣ್ಣಂತೆ.
ಈ ರಸ ಉಕ್ಕುವ ದಿನಗಳಲ್ಲಿ
ಒಂದು ಕಣ್ಣು ತಲೆ ಹತ್ತಿ ಇಳಿದು
ಇನ್ನೊಂದರ ಪಕ್ಕ ಬಂದು ಕೂರುತ್ತದಂತೆ, ನೆಂಟರ ಹಾಗೆ.
ಎಷ್ಟು ನಂಗು ಹುರಿದು ತಿಂದಿದ್ದೇನೆ,
ಆ ಕಣ್ಣು ನಡೆದು ಬಂದದ್ದೆಂದು ಗೊತ್ತಿರಲಿಲ್ಲ.

ಕಳೆದ ಆಟಿಯಲ್ಲಿ ನಾಲ್ಕನೇ ತೊಟ್ಟಿಯ ತಿಂಡಿಗೆ
ಒಂದು ಪುಡಿ ಬೆರೆಸಿದೆವು.
ಬೆರೆಸಿದೆವು ಏನು, ಬೆರೆಸಿದವಳು ನಾನೇ.
ಆ ಕಾಳುಗಳ ಬಾಯಿ ಕಟ್ಟುವ ಪುಡಿ.
ಮೂರು ವಾರಕ್ಕೆ ಮೀನುಗಳು ತಳ ಹಿಡಿದವು,
ಬೆಳಗ್ಗೆ ಹಾಸಿಗೆ ಬಿಡಲಾರದ ನನ್ನ ಹಾಗೆ.
ಆಮೇಲೆ ಎಲ್ಲ ತೊಟ್ಟಿಗೂ ಒಂದೇ ರೋಗ, ಒಂದೇ ಸೂಜಿಯ ಅಳತೆ.

ಎರಡನೆಯದರಲ್ಲಿ, ಏನೂ ಬೆರೆಸದ್ದರಲ್ಲಿ, ಸತ್ತದ್ದು ಮೂರು.
ನಾಲ್ಕನೆಯದರಲ್ಲಿ ನಾಲ್ಕು ಗೆರೆ, ಅಡ್ಡಕ್ಕೊಂದು,
ಮತ್ತೆ ನಾಲ್ಕು, ಅಡ್ಡಕ್ಕೊಂದು,
ಪುಟ ತಿರುಗಿಸಿ ಮತ್ತೆ.
ಹತ್ತೊಂಬತ್ತಕ್ಕೆ ನಿಂತಿತು.

ಬಾ ಸುಗಂಧಿ, ನೋಡು, ಎಂದರು ಮೇಡಂ.
ತಲೆಯ ಹಿಂದಿನ ಮೂತ್ರಪಿಂಡದಿಂದ ತೆಗೆದ ಬಿಳಿಕಣ.
ಮೀನಿನ ಮೂಳೆಯಲ್ಲಿ ಮಜ್ಜೆ ಇಲ್ಲ, ಆ ಕೆಲಸ ಅಲ್ಲಿಯೇ.
ತಿನ್ನಲು ಇಟ್ಟದ್ದು ಯೀಸ್ಟು, ನಾವು ಅಪ್ಪದ ಹಿಟ್ಟಿಗೆ ಹಾಕುವುದೇ.
ಎರಡನೇ ತೊಟ್ಟಿಯ ಕಣ ಐದು ನುಂಗಿ ಕೂತಿತ್ತು,
ಮದುವೆಯೂಟ ಮಾಡಿ ಜಗಲಿಗೆ ಬಂದವನಂತೆ.
ನಾಲ್ಕನೆಯದು
ಒಂದನ್ನು ಬಾಯಿಗಿಟ್ಟು
ಅಗಿಯಲು ಮರೆತಿತ್ತು.

ಹಾಗಾದರೆ ರಸ ಜಾಸ್ತಿ ಕೊಟ್ಟರೆ?
ಅದಕ್ಕೇ ಉಂಟಲ್ಲ ಆರನೇ ತೊಟ್ಟಿ.
ಹನ್ನೊಂದು ಸತ್ತವು. ಉರಿದು ಉರಿದು ಸೊರಗಿದವು.
ಬರೆದುಕೋ, ಆದರೆ ನಂಬಿಬಿಡಬೇಡ, ಎಂದರು,
ಬೇರೆ ಮೀನು, ಬೇರೆ ಉಪ್ಪು, ಬೇರೆ ಲೆಕ್ಕ.
ಮತ್ತೆ ನನ್ನ ಕೈ ಹಿಡಿದು ಹೆಬ್ಬೆರಳು ತಿರುಗಿಸಿದರು.
ಕರಿಮೀನಿನ ಮುಳ್ಳು ತಾಗಿ ಐದು ವಾರವಾಗಿತ್ತು,
ಇನ್ನೂ ಬಾಯಿ ಮುಚ್ಚದ ಗಾಯ.
ನೀರಲ್ಲಿ ಕೆಲಸ ಮಾಡುವವಳು, ಹಾಗೇ ಅಲ್ಲವಾ, ಎಂದೆ.
ಅವರು ಉತ್ತರಿಸಲಿಲ್ಲ. ತೊಟ್ಟಿ ನೋಡುವ ಕಣ್ಣಲ್ಲಿ
ನನ್ನ ಮುಖ ನೋಡಿದರು, ಬಾತ ರೆಪ್ಪೆ, ಒಣ ಚರ್ಮ,
ಸೆಕೆಯಲ್ಲೂ ಹೊದ್ದ ಶಾಲು.
ನಾಳೆ ರಕ್ತ ಕೊಟ್ಟು ಬಾ, ಎಂದರು.

ಪುಡಿ ನಿಲ್ಲಿಸಿದ್ದೇವೆ ಈಗ.
ಮೇಜಿಗೆ ಎರಡು ಕೊಟ್ಟು ಉಳಿದವು ಹತ್ತೊಂಬತ್ತು,
ಸತ್ತಷ್ಟೇ. ಈ ಲೆಕ್ಕ ಯಾಕೋ ನನ್ನನ್ನು ಬಿಡುವುದಿಲ್ಲ.
ಹಿಡಿ ತಿಂಡಿ ಎರಚಿದರೆ ಮೊದಲು ಒಂದು ಮೇಲೇಳುತ್ತದೆ,
ತಡೆದು ಇನ್ನೊಂದು.
ನೀರು ಚಟಪಟ ಎನ್ನುವವರೆಗೆ ನಿಂತಿರುತ್ತೇನೆ.

ಆರೂಕಾಲು.
ಫ್ಲಾಸ್ಕಿನ ಮುಚ್ಚಳ ತೆಗೆಯಬಹುದು.